ಶಿಲೀಂಧ್ರ ಕಿಣ್ವಗಳ ಉತ್ಪಾದನೆ: ಅನುಕೂಲತಮ ಪರಿಸ್ಥಿತಿಗಳ ನಿರ್ಣಯ

ಬೂಷ್ಟು, ನಾಯಿಕೊಡೆ ಮೊದಲಾದ ಶಿಲೀಂಧ್ರವರ್ಗದ ಜೀವಿಗಳು ಪ್ರಾಣಿಗಳಂತೆ ಆಹಾರವನ್ನು ನುಂಗಿ ಅರಗಿಸಿಕೊಳ್ಳಲಾರವು, ಸಸ್ಯಗಳಂತೆ ಸೂರ್ಯಪ್ರಕಾಶದಿಂದ ಅದನ್ನು ನಿರ್ಮಿಸಿಕೊಳ್ಳಲೂ ಅರಿಯವು. ತಾವು ಹಬ್ಬಿದ ಕಾಳು, ಕಟ್ಟಿಗೆ, ಎಲೆ, ಬಟ್ಟೆಗಳ ಒಳಕ್ಕೇ ಕಿಣ್ವಗಳನ್ನು ಸ್ರವಿಸಿ, ಅಲ್ಲಿರುವ ಪಿಷ್ಟ, ಸೆಲ್ಯುಲೋಸು, ಪ್ರೋಟೀನು, ಮೇದಸ್ಸುಗಳ ಬೃಹದಣುಗಳನ್ನು ಮೈಯ ಹೊರಗೇ ಒಡೆದು, ಕರಗಿ ಬಂದ ಸಾರವನ್ನು ಮಾತ್ರ ತಂತುಗಳ ಮೂಲಕ ಹೀರಿಕೊಂಡು ಬದುಕುತ್ತವೆ. ಹೀಗೆ ತಾನಾಗಿ ಹೊರಬೀಳುವ ಕಿಣ್ವವನ್ನು ಜೀವಕೋಶವನ್ನು ಜಜ್ಜದೆ, ಬರಿಯ ನೀರಿನಿಂದ ತೊಳೆದು ಸಂಗ್ರಹಿಸಬಹುದಾದುದರಿಂದ, ಪಿಷ್ಟವನ್ನೊಡೆಯುವ ಅಮೈಲೇಸು, ಪ್ರೋಟೀನನ್ನೊಡೆಯುವ ಪ್ರೋಟಿಯೇಸು, ಹಣ್ಣಿನ ಪೆಕ್ಟಿನ್ನನ್ನು ಕರಗಿಸುವ ಪೆಕ್ಟಿನೇಸು, ನಾರನ್ನು ಸಕ್ಕರೆಯಾಗಿಸುವ ಸೆಲ್ಯುಲೇಸು ಮತ್ತು ಜೈಲನೇಸು, ಕೊಬ್ಬನ್ನು ವಿಭಜಿಸುವ ಲೈಪೇಸು, ಬಣ್ಣಗಳನ್ನು ಅಳಿಸಬಲ್ಲ ಲ್ಯಾಕೇಸು ಇವೇ ಮೊದಲಾದುವು ಶಿಲೀಂಧ್ರಗಳಿಂದ ಉದ್ಯಮಕ್ಕೆ ಹೇರಳವಾಗಿ ದೊರೆಯುತ್ತಿವೆ. ಶಿಲೀಂಧ್ರವನ್ನು ಬೆಳೆಸುವ ನಿಯತವಾದ ಆಧಾರದ್ರವ್ಯದಿಂದ, ನಿಯತ ಅವಧಿಯಲ್ಲಿ, ಅಲ್ಪವ್ಯಯದಿಂದ ಅತ್ಯಧಿಕ ಕಿಣ್ವವನ್ನು ಕೊಡುವ ಉಷ್ಣತೆ, ತೇವ, ಆಮ್ಲತೆ, ಪೋಷಕಾಂಶ, ವಾಯುಸಂಚಾರಗಳ ಸಂಯೋಗವನ್ನು ಪ್ರಯೋಗಪೂರ್ವಕವಾಗಿ ಕಂಡುಹಿಡಿಯುವುದೇ ಇಲ್ಲಿ ವಿವರಿಸುವ ವಿಷಯ. ಶಿಲೀಂಧ್ರವು ಹುಲುಸಾಗಿ ಬೆಳೆಯುವ ಪರಿಸ್ಥಿತಿಯೇ ಕಿಣ್ವವನ್ನು ಹೆಚ್ಚಾಗಿ ಸ್ರವಿಸುವ ಪರಿಸ್ಥಿತಿಯಲ್ಲವೆಂಬುದು ಈ ಶಾಸ್ತ್ರದ ಮೂಲಸೂತ್ರ.

ಇತಿಹಾಸ

1833ರಲ್ಲಿ ಪಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ಮೊಳೆತ ಬಾರ್ಲಿಯಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ದ್ರವ್ಯವನ್ನು ಬೇರ್ಪಡಿಸಿ ಡಯಸ್ಟೇಸು ಎಂದು ಹೆಸರಿಟ್ಟರು. ಜಪಾನ್, ಚೀನಾ ದೇಶಗಳಲ್ಲಾದರೋ ಬೇಯಿಸಿದ ಅಕ್ಕಿ ಮತ್ತು ಸೋಯಾಗಳ ಮೇಲೆ ಆಸ್ಪರ್ಜಿಲಸ್ ಒರೈಜೇ ಎಂಬ ಬೂಷ್ಟನ್ನು ಬೆಳೆಸಿ ಮದ್ಯವನ್ನೂ ವ್ಯಂಜನಗಳನ್ನೂ ಸಿದ್ಧಪಡಿಸುವ ರೂಢಿ ಬಹುಪ್ರಾಚೀನವಾದುದು. ಈ ಪರಂಪರೆಯನ್ನು ಬಲ್ಲ ಜೋಕಿಚಿ ತಕಮೀನೆ ಎಂಬ ಜಪಾನೀ ವಿಜ್ಞಾನಿ ಅಮೆರಿಕೆಗೆ ಹೋಗಿ, ಅಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಗೋಧಿ ಬೂಸಾದ ಮೇಲೆ ಅದೇ ಬೂಷ್ಟನ್ನು ಬೆಳೆಸಿ, ತೊಳೆದು, ಒಣಗಿಸಿ ಪಡೆದ ಕಿಣ್ವಕ್ಕೆ 1894ರಲ್ಲಿ ಪೇಟೆಂಟು ಪಡೆದನು. ತಕ-ಡಯಸ್ಟೇಸೆಂಬ ಹೆಸರಿನಿಂದ ಅಜೀರ್ಣದ ಔಷಧವಾಗಿ ಮಾರಾಟವಾದ ಅದು ಸೂಕ್ಷ್ಮಜೀವಿಗಳಿಂದ ವ್ಯಾಪಾರಕ್ಕಾಗಿ ತಯಾರಿಸಿದ ಆದ್ಯ ಕಿಣ್ವಗಳಲ್ಲೊಂದು.

ಬೆಳವಣಿಗೆಯ ಪರಿಸ್ಥಿತಿಗಳನ್ನು ಕ್ರಮಬದ್ಧವಾಗಿ ಶೋಧಿಸುವ ಕಾರ್ಯಕ್ಕೆ ಎರಡನೆಯ ಮಹಾಯುದ್ಧ ವಿಶೇಷ ಪ್ರೇರಣೆಯಾಯಿತು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಸೈನಿಕರ ಹತ್ತಿಯ ಡೇರೆಗಳು ಬೂಷ್ಟು ಹಿಡಿದು ಕೊಳೆತಾಗ, ಆ ಬಟ್ಟೆಯಿಂದ ಪ್ರತ್ಯೇಕಿಸಿದ ಶಿಲೀಂಧ್ರವು ಅಮೆರಿಕೆಯ ನೇಟಿಕ್ ಎಂಬಲ್ಲಿಯ ಸೈನ್ಯದ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡಲ್ಸ್ ಎಂಬವರ ದೀರ್ಘವ್ಯಾಸಂಗಕ್ಕೆ ವಸ್ತುವಾಯಿತು. ಮುಂದೆ 1977ರಲ್ಲಿ ರೀಸನ ಗೌರವಾರ್ಥವಾಗಿ ಅದಕ್ಕೆ ಟ್ರೈಕೋಡರ್ಮ ರೀಸೈ ಎಂಬ ಹೆಸರು ಬಂದಿತು. ಇಂಗಾಲದ ಮೂಲಗಳೂ ಲೋಹಾಂಶಗಳೂ ಸೆಲ್ಯುಲೇಸಿನ ಉತ್ಪತ್ತಿಯನ್ನು ಹೇಗೆ ಏರಿಳಿಸುತ್ತವೆಂಬುದನ್ನು ಇವರಿಬ್ಬರೂ 1957ರಲ್ಲಿ ಪ್ರಕಟಿಸಿದರು. ಗ್ಲೂಕೋಸಿನಲ್ಲಿ ಬೆಳೆದ ಬೂಷ್ಟು ಸೆಲ್ಯುಲೇಸನ್ನು ಸ್ರವಿಸಬಾರದಾಗಿದ್ದರೂ ಕೆಲವು ಗ್ಲೂಕೋಸು ಮಾದರಿಗಳಲ್ಲಿ ಸ್ರವಿಸುತ್ತಿದ್ದುದನ್ನು ಗಮನಿಸಿ, ಅದರಲ್ಲಿ ಕಲ್ಮಷವಾಗಿ ಸೇರಿದ್ದ ಸೊಫೊರೋಸೆಂಬ ಶರ್ಕರವೇ ಪ್ರಬಲ ಪ್ರಚೋದಕವೆಂದು ಅವರು 1962ರಲ್ಲಿ ತೋರಿಸಿಕೊಟ್ಟುದು ಈ ಕ್ಷೇತ್ರದ ಚಿರಸ್ಮರಣೀಯ ಶೋಧವಾಗಿದೆ.

ಬೆಳೆಸುವ ವಿಧಾನಗಳು

ಕಿಣ್ವಕ್ಕಾಗಿ ಶಿಲೀಂಧ್ರವನ್ನು ಬೆಳೆಸಲು ಎರಡು ಮಾರ್ಗಗಳುಂಟು. ಪೋಷಕಗಳನ್ನು ಕರಗಿಸಿದ ದ್ರವದಲ್ಲಿ, ಗಾಳಿಯೂದಿ ಕಲಕುತ್ತ ಬೆಳೆಸುವುದು ದ್ರವಮಗ್ನ ಪದ್ಧತಿ. ಹರಿಯುವ ನೀರಿಲ್ಲದಂತೆ ಬರಿಯ ತೇವಗೊಳಿಸಿದ ತೌಡು, ಬೂಸಾ, ಹೊಟ್ಟುಗಳ ಮೇಲೆ ಬೆಳೆಸುವುದು ಘನಸ್ಥಿತಿ ಪದ್ಧತಿ. ಮೊದಲನೆಯದರಲ್ಲಿ ಉಷ್ಣತೆ ಮತ್ತು ಆಮ್ಲತೆಗಳನ್ನು ಪಾತ್ರೆಯ ಎಲ್ಲೆಡೆಯೂ ಏಕರೂಪವಾಗಿ ನಿಯಂತ್ರಿಸುವುದು ಸುಲಭವಾದುದರಿಂದ ಲೋಕದ ಬಹುಪಾಲು ಕಿಣ್ವವು ಇಂದು ಆ ರೀತಿಯಲ್ಲೇ ತಯಾರಾಗುತ್ತಿದೆ. ಎರಡನೆಯದು ಶಿಲೀಂಧ್ರದ ನೈಸರ್ಗಿಕ ವಾಸಕ್ಕೆ ಸಮೀಪವಾದುದು. ನೀರು ಕಡಿಮೆಯಿರುವುದರಿಂದ ಬ್ಯಾಕ್ಟೀರಿಯಗಳ ಹಾವಳಿ ಅಲ್ಪ, ದೊರೆಯುವ ಕಿಣ್ವ ಸಾಂದ್ರ, ಚೆಲ್ಲಬೇಕಾದ ಕೊಳೆನೀರು ಸ್ವಲ್ಪ. ಆದರೆ ಹಾಸಿನ ಒಳಗಿನ ಶಾಖವನ್ನು ಹೊರಹಾಕುವುದೂ, ಮೂಲೆಮೂಲೆಗೆ ಪ್ರಾಣವಾಯುವನ್ನು ತಲಪಿಸುವುದೂ ಅಲ್ಲಿ ದುಸ್ಸಾಧ್ಯ.

ನಿಯಂತ್ರಿಸತಕ್ಕ ಪರಿಸ್ಥಿತಿಗಳು

ತೇವಾಂಶ: ಘನಸ್ಥಿತಿ ಪದ್ಧತಿಯಲ್ಲಿ ಇದಕ್ಕಿಂತ ಮುಖ್ಯವಾದ ಅಂಶವಿಲ್ಲ. ಗೋಧಿ ಬೂಸಾದ ಮೇಲೆ ಆಸ್ಪರ್ಜಿಲಸ್ ಜಾತಿಯ ಬೂಷ್ಟನ್ನು ಬೆಳೆಸುವಾಗ ಸಾಮಾನ್ಯವಾಗಿ ಶೇಕಡಾ 50ರಿಂದ 70ರವರೆಗಿನ ತೇವ ಹಿತವಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಹೊಟ್ಟು ಉಬ್ಬದೆ, ಪೋಷಕಗಳು ಕರಗದೆ ತಂತುಗಳು ಹಸಿಯುತ್ತವೆ. ಹೆಚ್ಚಾದರೆ ಕಣಗಳ ನಡುವಣ ರಂಧ್ರಗಳು ನೀರಿನಿಂದ ಮುಚ್ಚಿಹೋಗಿ, ಗಾಳಿ ಒಳಸೇರದೆ, ಬ್ಯಾಕ್ಟೀರಿಯಗಳು ಬೀಡುಬಿಡುತ್ತವೆ.

ಉಷ್ಣತೆ: ಆಸ್ಪರ್ಜಿಲಸ್ ಜಾತಿಗಳಿಗೆ 28ರಿಂದ 35 ಡಿಗ್ರಿ ಸೆಲ್ಸಿಯಸ್, ಟ್ರೈಕೋಡರ್ಮಕ್ಕೆ 25ರಿಂದ 30 ಡಿಗ್ರಿ ಯೋಗ್ಯವೆಂದು ರೂಢಿ. ಉಷ್ಣಪ್ರಿಯ ಶಿಲೀಂಧ್ರಗಳು 45-50 ಡಿಗ್ರಿಯಲ್ಲಿ ಸುಖವಾಗಿ ಬೆಳೆಯುತ್ತವೆ. ಬೆಳೆಯುವ ಜೀವಿ ತಾನೇ ಶಾಖವನ್ನು ಬಿಡುಗಡೆ ಮಾಡುವುದರಿಂದ, ಕೋಣೆಯ ಉಷ್ಣತೆಯನ್ನು ಅಳೆದು ತೃಪ್ತಿಪಡುವುದು ಸಲ್ಲದು. ಗಾಳಿಯಾಡದ ದಪ್ಪ ಹಾಸಿನ ಮಧ್ಯಭಾಗ ಕೋಣೆಗಿಂತ ಹತ್ತು ಡಿಗ್ರಿಗೂ ಮಿಕ್ಕಿ ಬಿಸಿಯೇರಿ, ಅಲ್ಲಿಯ ತಂತುಗಳು ಸಾಯುವುದುಂಟು. ತಟ್ಟೆಗಳಲ್ಲಿ ಹೊಟ್ಟನ್ನು ಕೆಲವೇ ಸೆಂಟಿಮೀಟರು ಎತ್ತರಕ್ಕೆ ಹರಡುವುದು ಈ ಕಾರಣದಿಂದಲೇ.

ಆಮ್ಲತೆ: ಬಹುತೇಕ ಬೂಷ್ಟುಗಳು ಪಿಎಚ್ 4ರಿಂದ 6ರ ನಡುವೆ ಚೆನ್ನಾಗಿ ಬೆಳೆಯುತ್ತವೆ. ಅಮೋನಿಯಮ್ ಲವಣಗಳನ್ನು ಸಾರಜನಕಕ್ಕಾಗಿ ಕೊಟ್ಟಾಗ ದ್ರಾವಣ ಹುಳಿಯಾಗುತ್ತ ಹೋಗುತ್ತದೆ, ನೈಟ್ರೇಟು ಕೊಟ್ಟಾಗ ಕ್ಷಾರದತ್ತ ವಾಲುತ್ತದೆ; ಆದುದರಿಂದ ಆರಂಭದ ಪಿಎಚ್ಚನ್ನು ಮಾತ್ರ ನಿಗದಿಪಡಿಸಿ ಬಿಟ್ಟರೆ ಸಾಲದು. ಅತಿಯಾದ ಹುಳಿಯಲ್ಲಿ ಆಮ್ಲಪ್ರಿಯ ಪ್ರೋಟಿಯೇಸುಗಳು ಹುಟ್ಟಿ, ಕಷ್ಟಪಟ್ಟು ಸಂಪಾದಿಸಿದ ಇತರ ಕಿಣ್ವಗಳನ್ನು ತಿಂದುಹಾಕುವ ಅಪಾಯವೂ ಉಂಟು.

ಇಂಗಾಲ ಮತ್ತು ಪ್ರಚೋದನೆ: ಯಾವ ಕಿಣ್ವ ಬೇಕೋ ಆ ಕಿಣ್ವವು ಒಡೆಯಬೇಕಾದ ಪದಾರ್ಥವನ್ನೇ ಆಹಾರವಾಗಿ ಕೊಡುವುದು ಸಾಮಾನ್ಯ ನಿಯಮ: ಅಮೈಲೇಸಿಗೆ ಪಿಷ್ಟ, ಜೈಲನೇಸಿಗೆ ಜೈಲನ್, ಪೆಕ್ಟಿನೇಸಿಗೆ ಪೆಕ್ಟಿನ್, ಲೈಪೇಸಿಗೆ ಎಣ್ಣೆ. ಸುಲಭವಾಗಿ ಹೀರಲ್ಪಡುವ ಗ್ಲೂಕೋಸು ಧಾರಾಳವಾಗಿ ಸಿಕ್ಕರೆ ಜೀವಿ ಸೊಕ್ಕಿ ಬೆಳೆಯುತ್ತದೆ, ಆದರೆ ಕ್ರಿಎ ಎಂಬ ನಿಯಂತ್ರಕ ಪ್ರೋಟೀನು ಕಿಣ್ವಗಳ ಜೀನುಗಳನ್ನು ತಡೆಹಿಡಿಯುತ್ತದೆ. ಮನೆಯ ಮುಂದೆಯೇ ಕಣಜ ತುಂಬಿರುವಾಗ ಉಳುವ ಶ್ರಮವನ್ನು ಯಾರೂ ಕೈಕೊಳ್ಳದಂತೆ, ಸಿದ್ಧವಾದ ಸಕ್ಕರೆ ದೊರೆತಾಗ ಶಿಲೀಂಧ್ರವೂ ನಾರನ್ನೊಡೆಯುವ ಉದ್ಯೋಗಕ್ಕೆ ಇಳಿಯುವುದಿಲ್ಲ. ಬೆಳವಣಿಗೆ ಬೇರೆ, ಕಿಣ್ವೋತ್ಪತ್ತಿ ಬೇರೆ ಎಂಬ ಸೂತ್ರದ ರಹಸ್ಯವಿರುವುದು ಇಲ್ಲಿ.

ಸಾರಜನಕ ಮತ್ತು ಲವಣಗಳು: ಯೂರಿಯ, ಅಮೋನಿಯಮ್ ಸಲ್ಫೇಟು, ಪೆಪ್ಟೋನು, ಯೀಸ್ಟ್ ಸಾರ, ಸೋಯಾ ಹಿಂಡಿ, ಶೇಂಗಾ ಹಿಂಡಿ ಇವುಗಳಲ್ಲಿ ಯಾವುದು ಹಿತವೆಂಬುದು ಬೂಷ್ಟಿನ ತಳಿಯನ್ನೂ ಕಿಣ್ವವನ್ನೂ ಅವಲಂಬಿಸಿದೆ. ಅಮೈಲೇಸಿನ ಸ್ಥಿರತೆಗೆ ಕ್ಯಾಲ್ಸಿಯಮ್ಮು, ಲ್ಯಾಕೇಸಿನ ಉತ್ಪತ್ತಿಗೆ ಅಲ್ಪಪ್ರಮಾಣದ ತಾಮ್ರವು ಸಹಾಯಕ. ಟ್ವೀನ್ 80ರಂಥ ಮಾರ್ಜಕ ದ್ರವ್ಯಗಳು ಕಿಣ್ವವು ಕೋಶದಿಂದ ಹೊರಬರುವುದನ್ನು ಸುಗಮಗೊಳಿಸುತ್ತವೆ.

ಬೀಜಕ, ಕಾಲ ಮತ್ತು ಗಾಳಿ: ಒಂದು ಗ್ರಾಮು ಹೊಟ್ಟಿಗೆ ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ಬೀಜಕಗಳನ್ನು ಬೆರೆಸುವುದು ವಾಡಿಕೆ. ಕಡಿಮೆಯಾದರೆ ಅನ್ಯಜೀವಿಗಳು ಮುಂದಾಗುತ್ತವೆ. ಅತಿಯಾದರೆ ಆಹಾರವೆಲ್ಲ ಮೈಬೆಳೆಸುವುದರಲ್ಲೇ ವ್ಯಯವಾಗುತ್ತದೆ. ಅಮೈಲೇಸು ಎರಡರಿಂದ ನಾಲ್ಕು ದಿನಗಳಲ್ಲಿ, ಸೆಲ್ಯುಲೇಸು ಐದರಿಂದ ಏಳು ದಿನಗಳಲ್ಲಿ ಪರಮಾವಧಿಯನ್ನು ಮುಟ್ಟುವುದು ಸಾಮಾನ್ಯ. ಆ ಬಳಿಕ ಕಾಯುವುದು ನಷ್ಟಕ್ಕೆ ದಾರಿ. ದ್ರವದಲ್ಲಿ ಬೆಳೆಸುವಾಗ ರಭಸದಿಂದ ಕಲಕಿದರೆ ತಂತುಗಳು ತುಂಡಾಗುತ್ತವೆ, ಮೆಲ್ಲನೆ ಕಲಕಿದರೆ ಉಂಡೆಗಟ್ಟಿ ನಡುವಿನ ಭಾಗ ಉಸಿರುಗಟ್ಟುತ್ತದೆ.

ಅಳತೆಯ ಕ್ರಮ

ಪರಿಸ್ಥಿತಿಗಳನ್ನು ಹೋಲಿಸಿ ನೋಡುವುದಕ್ಕೆ ನಿಷ್ಕೃಷ್ಟವಾದ ಅಳತೆ ಅವಶ್ಯ. ನಿರ್ದಿಷ್ಟ ಉಷ್ಣತೆ ಮತ್ತು ಪಿಎಚ್ಚಿನಲ್ಲಿ ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಪದಾರ್ಥವನ್ನು ಪರಿವರ್ತಿಸುವ ಕಿಣ್ವದ ಪ್ರಮಾಣವೇ ಒಂದು ಅಂತಾರಾಷ್ಟ್ರೀಯ ಏಕಮಾನ. ಸಕ್ಕರೆಯನ್ನು ಬಿಡುಗಡೆ ಮಾಡುವ ಕಿಣ್ವಗಳ ವಿಷಯದಲ್ಲಿ, 1959ರಲ್ಲಿ ಮಿಲ್ಲರ್ ವಿವರಿಸಿದ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ ಪರೀಕ್ಷೆ ಇಂದಿಗೂ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ: ಸಕ್ಕರೆ ಹುಟ್ಟಿದಷ್ಟೂ ಹಳದಿಯ ದ್ರಾವಣ ಕಿತ್ತಳೆಗೆಂಪಿಗೆ ತಿರುಗುತ್ತದೆ, ಆ ಬಣ್ಣವನ್ನು ವರ್ಣಮಾಪಕದಿಂದ ಅಳೆಯುತ್ತಾರೆ. ಘನಸ್ಥಿತಿಯಲ್ಲಿ ಫಲಿತಾಂಶವನ್ನು ಒಣ ಆಧಾರದ್ರವ್ಯದ ಒಂದು ಗ್ರಾಮಿಗೆ ಇಷ್ಟು ಏಕಮಾನವೆಂದು ಹೇಳತಕ್ಕದ್ದು. ಹಸಿಯ ತೂಕಕ್ಕೆ ಹೇಳಿದರೆ ತೇವ ಬದಲಾದಂತೆ ಅಂಕಿಯೂ ಬದಲಾಗಿ, ಒಬ್ಬನ ಫಲವನ್ನು ಇನ್ನೊಬ್ಬನದರೊಡನೆ ತೂಗಿನೋಡುವುದು ಅಶಕ್ಯವಾಗುತ್ತದೆ.

ಪ್ರಯೋಗವಿನ್ಯಾಸ

ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದೊಂದೇ ಅಂಶವನ್ನು ಬದಲಿಸುತ್ತ ಹೋಗುವುದು ಹಳೆಯ ಪದ್ಧತಿ. ಅದು ಸರಳವಾದುದು, ಆದರೆ ಅಂಶಗಳು ಪರಸ್ಪರ ಪ್ರಭಾವಿತವಾದಾಗ ದಾರಿತಪ್ಪಿಸುವಂಥದು: ನುಣ್ಣಗೆ ಬೀಸಿದ ಹೊಟ್ಟಿಗೆ ಹಿತವಾದ ತೇವವೇ ತರಿಯಾದ ಹೊಟ್ಟಿಗೆ ಹಿತವಾಗದು; 30 ಡಿಗ್ರಿಯಲ್ಲಿ ಯೋಗ್ಯವಾದ ಅವಧಿ 35 ಡಿಗ್ರಿಯಲ್ಲಿ ಅತಿಯಾದೀತು. ಅನೇಕ ಅಂಶಗಳನ್ನು ಒಮ್ಮೆಗೇ ಬದಲಿಸಿ, ಪ್ರತಿಯೊಂದರ ಪ್ರಭಾವವನ್ನೂ ಗಣಿತದಿಂದ ಬಿಡಿಸಿ ತಿಳಿಯುವ ಮಾರ್ಗವನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಹೊಲಗಳ ಪ್ರಯೋಗಗಳಿಗಾಗಿ ರೂಪಿಸಿ, 1935ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 1946ರಲ್ಲಿ ಪ್ಲ್ಯಾಕೆಟ್ ಮತ್ತು ಬರ್ಮನ್ ಎಂಬವರು ಹನ್ನೊಂದು ಅಂಶಗಳನ್ನು ಕೇವಲ ಹನ್ನೆರಡು ಪ್ರಯೋಗಗಳಿಂದ ಜಾಲಿಸಿ, ಮುಖ್ಯವಾದುವನ್ನು ಆರಿಸಿಕೊಳ್ಳುವ ವಿನ್ಯಾಸವನ್ನು ಕೊಟ್ಟರು. 1951ರಲ್ಲಿ ಬಾಕ್ಸ್ ಮತ್ತು ವಿಲ್ಸನ್ ಪ್ರತಿಪಾದಿಸಿದ ಪ್ರತಿಕ್ರಿಯಾತಲದ ವಿಧಾನವು, ಹೀಗೆ ಆರಿಸಿದ ಎರಡು-ಮೂರು ಅಂಶಗಳ ಮೇಲೆ ಕಿಣ್ವದ ಇಳುವರಿಯನ್ನು ಒಂದು ವಕ್ರತಲವಾಗಿ ಚಿತ್ರಿಸಿ ಅದರ ಶಿಖರವನ್ನು ಗುರುತಿಸುತ್ತದೆ.

ಪ್ರಯೋಗವಿನ್ಯಾಸದ ಈ ಶಾಸ್ತ್ರದಲ್ಲಿ ಕನ್ನಡನಾಡಿನ ಮಣ್ಣಿಗೆ ಸಂಬಂಧಿಸಿದ ಒಂದು ಹೆಸರು ಜಗದ್ವಿಖ್ಯಾತವಾದುದು. ಹಾವೇರಿ ಜಿಲ್ಲೆಯ ಪೂರ್ವದ ಗಡಿಯಾಗಿ ಹರಿಯುವ ತುಂಗಭದ್ರೆಯ ಆಚೆಗಿನ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1940ರ ದಶಕದಲ್ಲಿ ಲಂಬಸರಣಿಗಳೆಂಬ ಗಣಿತವ್ಯೂಹಗಳನ್ನು ನಿರೂಪಿಸಿದರು. ನಾಲ್ಕು ಅಂಶಗಳನ್ನು ಮೂರು ಮೂರು ಮಟ್ಟಗಳಲ್ಲಿ ಪರೀಕ್ಷಿಸಲು ಸಂಪೂರ್ಣ ವಿನ್ಯಾಸಕ್ಕೆ 81 ಪ್ರಯೋಗಗಳು ಬೇಕಾದೆಡೆ, ಅಂಶಗಳ ಪ್ರಧಾನ ಪ್ರಭಾವಗಳನ್ನು ತಿಳಿಯಲು ಇಂಥ ಸರಣಿಯೊಂದರಿಂದ 9 ಪ್ರಯೋಗಗಳು ಸಾಕಾಗುತ್ತವೆ. ಮುಂದೆ ಜಪಾನಿನ ತಗುಚಿ ಇದನ್ನು ಕಾರ್ಖಾನೆಗಳಲ್ಲಿ ಪ್ರಚಾರಗೊಳಿಸಿದನು; ಇಂದು ಕಿಣ್ವೋತ್ಪಾದನೆಯ ಪ್ರಬಂಧಗಳಲ್ಲಿಯೂ ಅದು ನಿತ್ಯಪರಿಚಿತವಾಗಿದೆ.

ಕರ್ನಾಟಕದಲ್ಲಿ

1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಘನಸ್ಥಿತಿ ಪದ್ಧತಿಯ ಅಭ್ಯಾಸಕ್ಕೆ ದೇಶದ ಪ್ರಮುಖ ಕೇಂದ್ರವಾಯಿತು. ಅಲ್ಲಿಯ ಬಿ. ಕೆ. ಲೋನ್ಸಾನೆ, ಎನ್. ಪಿ. ಘಿಲ್ಡ್ಯಾಲ್ ಮತ್ತು ಸಹೋದ್ಯೋಗಿಗಳು 1985ರಲ್ಲಿ ಪ್ರಕಟಿಸಿದ, ಈ ಪದ್ಧತಿಯ ಯಂತ್ರಶಾಸ್ತ್ರೀಯ ಅಂಶಗಳನ್ನು ಕುರಿತ ಸಮೀಕ್ಷೆಯು, ಹಾಸಿನೊಳಗಿನ ಶಾಖ ಮತ್ತು ವಾಯುವಿನ ಸಮಸ್ಯೆಯನ್ನು ಪ್ರಯೋಗಶಾಲೆಯಿಂದ ಕಾರ್ಖಾನೆಯ ಮಟ್ಟಕ್ಕೆ ಕೊಂಡೊಯ್ಯುವವರೆಲ್ಲರಿಗೂ ಆಧಾರವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ ಮಹೇಶ್ವರಿ ಅವರು ಉಷ್ಣಪ್ರಿಯ ಶಿಲೀಂಧ್ರಗಳ ಜೀವನಕ್ರಮವನ್ನೂ ಕಿಣ್ವಗಳನ್ನೂ ದೀರ್ಘಕಾಲ ಅಭ್ಯಸಿಸಿ, 2000ದಲ್ಲಿ ಸಹಲೇಖಕರೊಡನೆ ಅವುಗಳ ಮೇಲೆ ವಿಸ್ತಾರವಾದ ಸಮೀಕ್ಷೆಯನ್ನು ಬರೆದರು. 1978ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಬಯೋಕಾನ್ ಸಂಸ್ಥೆ ಮೊದಲು ಪರಂಗಿಹಣ್ಣಿನ ಪಪೇಯಿನನ್ನು ತಯಾರಿಸಿ, 1990ರ ಹೊತ್ತಿಗೆ ಘನಸ್ಥಿತಿ ಪದ್ಧತಿಯ ಸ್ವಂತ ಸಂಶೋಧನೆಯನ್ನು ಕಾರ್ಖಾನೆಯ ಪ್ರಮಾಣಕ್ಕೆ ಏರಿಸಿತು. ಅದೇ ತತ್ತ್ವದ ಮೇಲೆ ರಚಿಸಿದ ಪ್ಲಾಫ್ರ್ಯಾಕ್ಟರ್ ಎಂಬ ಯಂತ್ರಕ್ಕೆ 2001ರಲ್ಲಿ ಅಮೆರಿಕೆಯ ಪೇಟೆಂಟು ದೊರೆಯಿತು. ಆ ಸಂಸ್ಥೆಯ ಕಿಣ್ವವಿಭಾಗವು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಗೆ ಮಾರಾಟವಾಯಿತು.

ಶಿಗ್ಗಾಂವ ಸೀಮೆಯ ಆಧಾರದ್ರವ್ಯಗಳು

ಮಲೆನಾಡು ಬಯಲುಸೀಮೆಗಳು ಒಂದನ್ನೊಂದು ಸಂಧಿಸುವ ಎಡೆಯಲ್ಲಿ, ಹುಬ್ಬಳ್ಳಿ-ಹಾವೇರಿ ಹೆದ್ದಾರಿಯ ಮೇಲಿರುವ ಶಿಗ್ಗಾಂವ, ಅದರ ನೆರೆಯ ಹಾನಗಲ್ಲ, ಸವಣೂರು ಮತ್ತು ತುಸು ದೂರದ ಹಿರೇಕೆರೂರು ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಅನಂತರ ಹಾವೇರಿ ಜಿಲ್ಲೆಗೆ ಸೇರಿದುವು. ಕಾರ್ಖಾನೆಗಳು ವಿರಳವಾದ ಈ ಸೀಮೆಯನ್ನು ಇಲ್ಲಿ ಉದಾಹರಿಸುವುದಕ್ಕೆ ಕಾರಣ, ಶಿಲೀಂಧ್ರಕ್ಕೆ ಬೇಕಾದ ಸಕಲವಿಧ ಆಹಾರವೂ ಇಲ್ಲಿಯ ಹೊಲ ಮತ್ತು ಗಿರಣಿಗಳಿಂದ ವರ್ಷವರ್ಷವೂ ಉಳಿಕೆಯಾಗಿ ಬೀಳುತ್ತಿರುವುದೇ ಆಗಿದೆ. ಗೋವಿನಜೋಳದ ತೆನೆಯನ್ನು ಸುಲಿದ ಮೇಲೆ ಉಳಿಯುವ ದಿಂಡಿನಲ್ಲಿ ಜೈಲನ್ ಹೇರಳವಾಗಿರುವುದರಿಂದ ಜೈಲನೇಸಿಗೆ ಅದು ಪ್ರಶಸ್ತ. ಹಾನಗಲ್ಲ ಕಡೆಯ ಬತ್ತದ ಗಿರಣಿಗಳ ತೌಡಿನಲ್ಲಿ ಪಿಷ್ಟ, ಪ್ರೋಟೀನು, ಎಣ್ಣೆ ಮೂರೂ ಇರುವುದರಿಂದ ಅಮೈಲೇಸು ಮತ್ತು ಲೈಪೇಸುಗಳಿಗೆ ಅನುಕೂಲ. ಶೇಂಗಾ ಹಿಂಡಿ ಸಾರಜನಕದ ನಿಧಿ. ಹತ್ತಿಕಟ್ಟಿಗೆಯು ಗಡುಸಾದ ಲಿಗ್ನಿನ್ನಿನಿಂದ ತುಂಬಿದ್ದು, ಅದನ್ನು ಒಡೆಯಬಲ್ಲ ಬಿಳಿಕೊಳೆಯ ಶಿಲೀಂಧ್ರಗಳಿಗೆ ಮಾತ್ರ ಸಾಧ್ಯವಾದ ಆಹಾರ. ಆ ಗುಂಪಿಗೆ ಸೇರಿದ ಸಿಂಪಿ ಅಣಬೆಯನ್ನು ಹುಲ್ಲಿನ ಚೀಲಗಳಲ್ಲಿ ಬೆಳೆಯುವವರು ಕೊಯ್ಲಿನ ತರುವಾಯ ತಿಪ್ಪೆಗೆ ಚೆಲ್ಲುವ ಉಳಿಕೆಯಲ್ಲಿ ಲ್ಯಾಕೇಸು ಇನ್ನೂ ಉಳಿದಿರುತ್ತದೆ.

ತಯಾರಾದ ಕಿಣ್ವಕ್ಕೂ ಇಲ್ಲಿಯ ಬೆಳೆಗಳೊಡನೆ ನಂಟುಂಟು. ಗೋವಿನಜೋಳದ ಪಿಷ್ಟವನ್ನು ಮೊದಲು ಬ್ಯಾಕ್ಟೀರಿಯದ ಅಮೈಲೇಸಿನಿಂದ ತೆಳುವಾಗಿಸಿ, ಅನಂತರ ಸುಮಾರು 60 ಡಿಗ್ರಿಯಲ್ಲಿ, ಪಿಎಚ್ 4.5ರ ಆಸುಪಾಸಿನಲ್ಲಿ ಆಸ್ಪರ್ಜಿಲಸ್ ನೈಜರ್ ಎಂಬ ಕರಿಬೂಷ್ಟಿನ ಗ್ಲೂಕೋಅಮೈಲೇಸಿನಿಂದ ಗ್ಲೂಕೋಸಾಗಿಸುವರು. ಅದೇ ಕಾಳನ್ನು ತಿನ್ನುವ ಕೋಳಿಗಳು ಅದರಲ್ಲಿ ಫೈಟೇಟಾಗಿ ಬಂಧಿತವಾದ ರಂಜಕದ ಬಹುಭಾಗವನ್ನು ಉಪಯೋಗಿಸಿಕೊಳ್ಳಲಾರವು. 1991ರಲ್ಲಿ ಮಾರುಕಟ್ಟೆಗೆ ಬಂದ ಶಿಲೀಂಧ್ರ ಫೈಟೇಸು ಆ ಬಂಧನವನ್ನು ಬಿಡಿಸುತ್ತದೆ. ಮಾವಿನ ತಿರುಳನ್ನು ತೆಳುವಾಗಿಸಿ ರಸವನ್ನು ತಿಳಿಗೊಳಿಸಲು ಪೆಕ್ಟಿನೇಸು, ಹತ್ತಿಯ ಬಟ್ಟೆಯ ಮೇಲಣ ಎಳೆಗಳನ್ನು ನೀವಿ ನುಣುಪಾಗಿಸಲು ಸೆಲ್ಯುಲೇಸು ಉಪಯುಕ್ತ.

ಇಲ್ಲಿಯ ಹವೆಯನ್ನು ಕುರಿತು ಎರಡು ಮಾತು ಅವಶ್ಯ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಆರ್ದ್ರವಾಗಿಯೂ ತಂಪಾಗಿಯೂ ಇರುವುದರಿಂದ ತಟ್ಟೆಗಳ ತೇವ ಆರದು, ಆದರೆ ಅನ್ಯಬೂಷ್ಟುಗಳ ಬೀಜಕಗಳು ಎಲ್ಲೆಲ್ಲೂ ತೇಲಾಡುತ್ತವೆ. ಬೇಸಗೆಯ ಒಣಗಾಳಿಯಲ್ಲಿ ಹೊಟ್ಟು ಬೇಗನೆ ಒಣಗಿ, ಹಾಸು ಬಿಸಿಯೇರುತ್ತದೆ. ಆಷಾಢದಲ್ಲಿ ಫಲಿಸಿದ ತೇವದ ಪ್ರಮಾಣವು ಚೈತ್ರದಲ್ಲಿಯೂ ಫಲಿಸೀತೆಂದು ನಂಬುವುದು ತಪ್ಪು. ತೇವಗೊಳಿಸಿದ ಗಾಳಿಯ ವ್ಯವಸ್ಥೆಯಿಲ್ಲದೆ ವರ್ಷವಿಡೀ ಸಮನಾದ ಇಳುವರಿ ಅಸಾಧ್ಯ.

ಎಚ್ಚರಿಕೆಗಳು

ಕಣದಲ್ಲಿ ನೆನೆದ ಗೋವಿನಜೋಳಕ್ಕೂ ಶೇಂಗಾಕ್ಕೂ ತಾನಾಗಿ ಹಿಡಿಯುವ ಹಸಿರುಹಳದಿ ಬೂಷ್ಟು ಬಹುಶಃ ಆಸ್ಪರ್ಜಿಲಸ್ ಫ್ಲೇವಸ್ ಆಗಿರುತ್ತದೆ. ಅದು ಅಮೈಲೇಸನ್ನು ಚೆನ್ನಾಗಿ ಸ್ರವಿಸಬಲ್ಲುದಾದರೂ ಅಫ್ಲಾಟಾಕ್ಸಿನೆಂಬ ಯಕೃನ್ನಾಶಕ ವಿಷವನ್ನೂ ಹುಟ್ಟಿಸಬಲ್ಲುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿಯನ್ನು ತಿಂದ ಟರ್ಕಿಕೋಳಿಗಳು ಲಕ್ಷದ ಸಂಖ್ಯೆಯಲ್ಲಿ ಸತ್ತಾಗ ಈ ವಿಷ ಬೆಳಕಿಗೆ ಬಂದಿತು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಪ್ರದೇಶದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನುಂಡು ನೂರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಆದುದರಿಂದ ಕಿಣ್ವೋತ್ಪಾದನೆಗೆ ಸಿಕ್ಕಿದ ಬೂಷ್ಟನ್ನು ಬಳಸದೆ, ಗುರುತು ಖಚಿತವಾದ, ವಿಷರಹಿತವೆಂದು ಪರೀಕ್ಷಿತವಾದ ತಳಿಯನ್ನು ಮಾನ್ಯ ಸಂಗ್ರಹಾಲಯದಿಂದಲೇ ತರಿಸತಕ್ಕದ್ದು. ಹೊಟ್ಟನ್ನು ಹಬೆಯಲ್ಲಿ ಶುದ್ಧೀಕರಿಸತಕ್ಕದ್ದು. ಬೀಜಕಗಳ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಕೆಲಸಗಾರರು ಮೂಗುಬಾಯಿಗಳನ್ನು ಮುಚ್ಚಿಕೊಳ್ಳತಕ್ಕದ್ದು.

ಉಪಸಂಹಾರ

ಶಿಲೀಂಧ್ರದ ತಳಿ, ಆಧಾರದ್ರವ್ಯದ ಮೂಲ, ಋತುಮಾನ, ಹಾಸಿನ ಆಳ ಇವುಗಳಲ್ಲಿ ಒಂದು ಬದಲಾದರೂ ಅನುಕೂಲತಮ ಪರಿಸ್ಥಿತಿ ಬದಲಾಗುವುದರಿಂದ, ಎಲ್ಲ ಊರುಗಳಿಗೂ ಒಪ್ಪುವ ಒಂದೇ ಸಂಖ್ಯೆ ಈ ಶಾಸ್ತ್ರದಲ್ಲಿ ಇಲ್ಲ. ಇರುವುದು ಆ ಸಂಖ್ಯೆಯನ್ನು ಆಯಾ ಸ್ಥಳದಲ್ಲಿ ಕಂಡುಕೊಳ್ಳುವ ವಿಶ್ವಸನೀಯ ಮಾರ್ಗ ಮಾತ್ರ. ಹಾನಗಲ್ಲ ತೌಡಿಗೂ ಹಿರೇಕೆರೂರ ದಿಂಡಿಗೂ ಬೇರೆ ದೇಶದ ಬೂಸಾದ ಅಂಕಿಗಳನ್ನು ಅನ್ವಯಿಸುವುದು ವ್ಯರ್ಥ. ಧಾರವಾಡದ ವಿಶ್ವವಿದ್ಯಾಲಯಗಳಿಗೂ, ಹನುಮನಮಟ್ಟಿಯ ಕೃಷಿ ಮಹಾವಿದ್ಯಾಲಯಕ್ಕೂ, ದೇವಿಹೊಸೂರಿನ ಆಹಾರ ತಂತ್ರಜ್ಞಾನದ ಕಾಲೇಜಿಗೂ ಈ ಸಾಮಗ್ರಿ ಬಾಗಿಲಲ್ಲೇ ದೊರೆಯುತ್ತದೆ. ಅಲ್ಲಿಯ ವಿದ್ಯಾರ್ಥಿಗಳು ಈ ನಾಲ್ಕು ತಾಲೂಕುಗಳ ಉಳಿಕೆಗಳನ್ನು ಋತುಋತುವಿಗೂ ಪರೀಕ್ಷಿಸಿ, ತೇವ, ಕಣದ ಗಾತ್ರ, ತಳಿಯ ಹೆಸರು, ಏಕಮಾನಗಳ ಸಹಿತ ಫಲಿತಾಂಶವನ್ನು ಕನ್ನಡದಲ್ಲಿಯೇ ಪ್ರಕಟಿಸಿದರೆ, ಗಿರಣಿಯವರಿಗೂ ರೈತರಿಗೂ ಮುಂದಿನ ಸಂಶೋಧಕರಿಗೂ ಅದರಿಂದ ನೇರವಾದ ಪ್ರಯೋಜನವಾಗುತ್ತದೆ. ಆ ಕಾರ್ಯವನ್ನು ಅವರು ಕೈಕೊಳ್ಳಬೇಕು.